ಜಡ್ಜ್ ಮೇಲೆ ಅನುಮಾನ ಅಂತ ಬರೆಯಲು ವಕೀಲರ ಪೆನ್ನು ಯಾಕೆ ನಿಲ್ಲುತ್ತದೆ?

ಹೋದ ತಿಂಗಳು ನಮ್ಮ ಸೋದರಮಾವ ಫೋನ್ ಮಾಡಿದ್ದರು. ಅವರದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ತೆಂಗಿನ ತೋಟದ ಭಾಗದ ಕೇಸು ಹನ್ನೊಂದು ವರ್ಷದಿಂದ ನಡೆಯುತ್ತಿದೆ. ಯಾವ ಕೋರ್ಟು ಅನ್ನುವುದು ಇಲ್ಲಿ ಬೇಡ.

"ಜಡ್ಜು ಎದುರು ಪಾರ್ಟಿ ಕಡೆಗೇ ವಾಲವ್ರೆ ಕಣಮ್ಮ. ಬೇರೆ ಕೋರ್ಟಿಗೆ ಹಾಕ್ಸಿ ಅಂದ್ರೆ ನಮ್ಮ ಲಾಯರ್ರು ಪೆನ್ನೇ ಮುಟ್ತಿಲ್ಲ. ಇಂಥದಕ್ಕೆ ನಾನು ಸೈನ್ ಮಾಡಲ್ಲ ಯಜಮಾನ್ರೇ, ಬೇಕಾದ್ರೆ ವಕಾಲತ್ತು ವಾಪಸ್ ತಗಳಿ ಅಂತಾರೆ. ಫೀಜು ಕೊಡೋನು ನಾನು, ತೋಟ ಹೋಗೋದು ನಂದು. ಅವ್ರಿಗ್ಯಾಕೆ ಭಯ?"

ವಕಾಲತ್ತು ಅಂದರೆ ನಮ್ಮ ಪರ ವಾದಿಸಿ ಅಂತ ವಕೀಲರಿಗೆ ಬರೆದುಕೊಡುವ ಪತ್ರ. ನಾನು ತುಮಕೂರಿನಲ್ಲಿ ವಕೀಲಿ ಮಾಡುತ್ತೇನೆ. ಮಾವನ ವಕೀಲರು ನನಗೆ ಗೊತ್ತು. ಹೆದರುವ ಪೈಕಿ ಅಲ್ಲ. ಆದರೂ ಅವರ ಪೆನ್ನು ನಿಂತಿತು. ಯಾಕೆ ಅನ್ನುವುದನ್ನು ಫೋನಿನಲ್ಲಿ ಐದು ನಿಮಿಷಕ್ಕೆ ಹೇಳಲು ಆಗಲಿಲ್ಲ. ಕೋರ್ಟಿಗೆ ಅಲೆಯುವ ಎಷ್ಟೋ ಜನ ಇದೇ ಪ್ರಶ್ನೆ ಕೇಳುತ್ತಾರೆ. ಜಡ್ಜ್ ಮೇಲೆ ಅನುಮಾನ ಎತ್ತಿದ ವಕೀಲರ ಮೇಲೆ ಬೀಳಬಹುದಾದ ಸೇಡಿನ ಮಾತು ಇದು. ಹಾಗಾಗಿ ಬುಡದಿಂದಲೇ ಹೇಳುತ್ತೇನೆ.

ಪಕ್ಷಪಾತ ಅಂದರೆ ಏನು, ಏನಲ್ಲ

ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ನೀವು ಚೀಲ ತಂದಿದ್ದೀರಿ ಅಂದುಕೊಳ್ಳಿ. ತೂಕ ಆಯಿತು, ಚೀಟಿ ಬಂತು. ತೂಕ ಮಾಡಿದವನು ಕೊಂಡವನ ಪಾಲುದಾರ ಅಂತ ಆಮೇಲೆ ಗೊತ್ತಾಯಿತು. ಅವನು ಒಂದು ಗ್ರಾಂ ಕೂಡ ಮೋಸ ಮಾಡದೇ ಇರಬಹುದು. ಆದರೂ ಆ ಚೀಟಿಯ ಮೇಲೆ ನಿಮಗೆ ನಂಬಿಕೆ ಉಳಿಯುತ್ತದಾ? ಉಳಿಯುವುದಿಲ್ಲ, ಅಲ್ವಾ?

ಕಾನೂನು ಪಕ್ಷಪಾತವನ್ನು ನೋಡುವುದೂ ಹೀಗೆಯೇ. ಮೋಸ ನಡೆದೇ ಇದೆ ಅಂತ ಸಾಬೀತು ಮಾಡಬೇಕಾಗಿಲ್ಲ. ತಕ್ಕಡಿ ಹಿಡಿದವರಿಗೆ ಚೀಲದ ಜೊತೆ ಸಂಬಂಧ ಇದೆಯಾ ಅನ್ನುವುದೇ ಪ್ರಶ್ನೆ. ಹಿಂದೆ ಇಂಗ್ಲೆಂಡಿನಲ್ಲಿ ದೊಡ್ಡ ನ್ಯಾಯಾಧೀಶರಾಗಿದ್ದ ಲಾರ್ಡ್ ಚಾನ್ಸಲರ್ ಕಾಟನ್‌ಹ್ಯಾಮ್ ಒಂದು ಕಾಲುವೆ ಕಂಪನಿಯ ಪರ ಆದೇಶ ಕೊಟ್ಟಿದ್ದರು. ಅದೇ ಕಂಪನಿಯಲ್ಲಿ ಅವರಿಗೆ ಷೇರು ಇತ್ತು. ಷೇರಿನ ಆಸೆಗೆ ಅವರು ಹಾಗೆ ಮಾಡಿದರು ಅಂತ ಯಾರೂ ಹೇಳಲಿಲ್ಲ. ಆದರೂ 1852ರಲ್ಲಿ ಆ ಆದೇಶ ರದ್ದಾಯಿತು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ವಕೀಲರು ಜಾಸ್ತಿ ನೆನೆಯುವುದು ರಂಜಿತ್ ಠಾಕೂರ್ ಎಂಬ ಸೈನಿಕರ ಕೇಸನ್ನು. ಅವರು ತಮ್ಮ ಮೇಲಧಿಕಾರಿಯ ಮೇಲೆ ದೂರು ಕೊಟ್ಟಿದ್ದರು. ಮುಂದೆ ಅವರ ಮೇಲೆ ಸೇನೆಯೊಳಗೆ ವಿಚಾರಣೆ ನಡೆದಾಗ, ಅದೇ ಅಧಿಕಾರಿ ವಿಚಾರಣೆ ಮಾಡುವವರಲ್ಲಿ ಒಬ್ಬರಾಗಿ ಕುಳಿತಿದ್ದರು. ರಂಜಿತ್ ಅವರಿಗೆ ಒಂದು ವರ್ಷ ಜೈಲು, ಕೆಲಸದಿಂದ ವಜಾ. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನೆಲ್ಲ ರದ್ದು ಮಾಡಿತು. ನ್ಯಾಯಾಧೀಶರು "ನನ್ನ ಮನಸ್ಸಿನಲ್ಲಿ ಪಕ್ಷಪಾತ ಇದೆಯಾ" ಅಂತ ತಮ್ಮನ್ನೇ ಕೇಳಿಕೊಂಡರೆ ಸಾಲದು, ಮುಂದೆ ನಿಂತಿರುವ ಪಾರ್ಟಿಯ ಮನಸ್ಸಿನಲ್ಲಿ ಏನಿದೆ ಅಂತ ನೋಡಬೇಕು ಅನ್ನುವುದು ಆ ತೀರ್ಪಿನ ತಿರುಳು. ಆದರೆ ಪಾರ್ಟಿಯ ಅಂಜಿಕೆಗೆ ತಕ್ಕ ಕಾರಣ ಇರಬೇಕು. ಸುಮ್ನೆ ಅನುಮಾನ ಸಾಲದು.

ಕಾರಣ ಅಂದರೆ ಎಂಥದ್ದು? ಕೇಸಿನಲ್ಲಿ ಹಣದ ಸಂಬಂಧ, ಪಾರ್ಟಿಯ ಜೊತೆ ನೆಂಟಸ್ತಿಕೆ ಅಥವಾ ಹಗೆತನ, ಹಿಂದೆ ಅದೇ ವಿಷಯದಲ್ಲಿ ಒಂದು ಕಡೆಗೆ ಕೆಲಸ ಮಾಡಿದ್ದು, ಸಾಕ್ಷಿ ಮುಗಿಯುವ ಮೊದಲೇ ತೀರ್ಮಾನದ ಮಾತು ಆಡಿದ್ದು. ಇಂಥವು.

ನಿಮ್ಮ ವಿರುದ್ಧ ಒಂದು ಆದೇಶ ಬಂತು ಅನ್ನುವುದು ಪಕ್ಷಪಾತ ಅಲ್ಲ. ಅದಕ್ಕೆ ಅಪೀಲು ಇದೆ. ಜಡ್ಜ್ ಗದರಿದರು ಅನ್ನುವುದೊಂದೇ ಸಾಲದು. ಇನ್ನೊಂದು ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. "ಜಡ್ಜು ಅವರ ಜನ." ಮಾವನೂ ಅದನ್ನೇ ಅಂದರು. ಒಂದೇ ಜಾತಿ ಅನ್ನುವುದೇ ಆಧಾರವಾದರೆ ಈ ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಯಾವ ಜಡ್ಜೂ ಯಾವ ಕೇಸನ್ನೂ ನಡೆಸಲು ಆಗುವುದಿಲ್ಲ. ಜಾತಿಯ ಹೆಸರು ಹಿಡಿದು ಯಾರೂ ಅರ್ಜಿ ಬರೆಯಬಾರದು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದು ತಪ್ಪು.

ಅನುಮಾನವನ್ನು ಎಲ್ಲಿ ಹೇಳಬೇಕು?

ಮೊದಲ ದಾರಿ, ಆ ಜಡ್ಜ್ ಮುಂದೆಯೇ ಹೇಳುವುದು. "ಈ ಕೇಸಿನಿಂದ ತಾವು ಹಿಂದೆ ಸರಿಯಬೇಕು" ಅಂತ ಕೇಳಿಕೊಳ್ಳುವುದು. ಇದಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾಯಿದೆ ಇಲ್ಲ. ಹಿಂದೆ ಸರಿಯಬೇಕೋ ಬೇಡವೋ ಅಂತ ತೀರ್ಮಾನಿಸುವುದು ಅದೇ ಜಡ್ಜ್. ಕೇಳಲು ವಿಚಿತ್ರ ಅನ್ನಿಸುತ್ತದೆ. ಆದರೆ ಎಷ್ಟೋ ಸಲ ಯಾರೂ ಕೇಳದೆಯೇ ಅವರು ಸರಿಯುತ್ತಾರೆ. ನೆಂಟರ ಕೇಸು ಬಂದರೆ, ತಾವು ವಕೀಲರಾಗಿದ್ದಾಗ ನೋಡಿದ್ದ ಫೈಲು ಬಂದರೆ, "ಇದನ್ನು ಬೇರೆ ಕೋರ್ಟಿಗೆ ಕಳಿಸಿ" ಅಂದುಬಿಡುತ್ತಾರೆ.

ಎರಡನೆಯದು ವರ್ಗಾವಣೆ ಅರ್ಜಿ. ಸಿವಿಲ್ ಕೇಸಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಸೆಕ್ಷನ್ ಕೆಳಗೆ ತುಮಕೂರಿನ ಪ್ರಧಾನ ಜಿಲ್ಲಾ ನ್ಯಾಯಾಧೀಶರ ಮುಂದೆ, ಇಲ್ಲವೇ ಹೈಕೋರ್ಟಿನಲ್ಲಿ ಹಾಕಬಹುದು. ತಾಲ್ಲೂಕು ಕೋರ್ಟಿನ ದಾವೆಯನ್ನು ಇನ್ನೊಂದು ಕೋರ್ಟಿಗೆ ಹಾಕುವ ಅಧಿಕಾರ ಅವರಿಗಿದೆ. ಕ್ರಿಮಿನಲ್ ಕೇಸಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ನೋಡಬೇಕು. ಜಿಲ್ಲೆಯೊಳಗೇ ಬದಲಾವಣೆ ಬೇಕಿದ್ದರೆ ಮೊದಲು ಸೆಷನ್ಸ್ ನ್ಯಾಯಾಧೀಶರ ಹತ್ತಿರ. ಅವರು ಆಗಲ್ಲ ಅಂದ ಮೇಲೆ ಹೈಕೋರ್ಟು. ಜಿಲ್ಲಾ ನ್ಯಾಯಾಧೀಶರ ಮೇಲೆಯೇ ಅನುಮಾನ ಇದ್ದರೆ ಬೆಂಗಳೂರಿಗೆ ಹೋಗಲೇಬೇಕು. ಸುಮಾರು ಎಪ್ಪತ್ತು ಕಿಲೋಮೀಟರ್, ಇನ್ನೊಬ್ಬ ವಕೀಲರು, ಇನ್ನೊಂದು ಫೀಜು.

ಮೂರನೆಯದು ನಡತೆಯ ಬಗ್ಗೆ ದೂರು. ಜಿಲ್ಲೆ, ತಾಲ್ಲೂಕು ಕೋರ್ಟುಗಳ ಜಡ್ಜ್‌ಗಳ ಮೇಲೆ ಹೈಕೋರ್ಟಿನ ಹಿಡಿತ ಇದೆ. ದೂರು ಅಲ್ಲಿಗೆ ಹೋಗಬೇಕು. 2014ರಿಂದ ಇದಕ್ಕೆ ಪ್ರಮಾಣಪತ್ರ ಮತ್ತು ಪರಿಶೀಲಿಸಬಹುದಾದ ದಾಖಲೆ ಬೇಕು. ಹೆಸರಿಲ್ಲದ ಪತ್ರಕ್ಕೆ ಬೆಲೆ ಇಲ್ಲ.

ಸಹಿ ಪಾರ್ಟಿಯದು ಮಾತ್ರ ಅಲ್ಲ

ಈಗ ಮಾವನ ಪ್ರಶ್ನೆಗೆ ಬರೋಣ. ಅರ್ಜಿ ಪಾರ್ಟಿಯದು, ಮಾತು ಪಾರ್ಟಿಯದು. ವಕೀಲರಿಗೆ ಏನು ಕಷ್ಟ?

1954ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಾಗ್ಪುರ ಹೈಕೋರ್ಟಿನ ಇಬ್ಬರು ವಕೀಲರು ಒಂದು ವರ್ಗಾವಣೆ ಅರ್ಜಿಗೆ ಸಹಿ ಮಾಡಿದ್ದರು. ಕೇಸು ಕೇಳುತ್ತಿದ್ದ ನ್ಯಾಯಮೂರ್ತಿಗಳು ಪಕ್ಷಪಾತಿಗಳು ಅಂತ ಅದರಲ್ಲಿತ್ತು. ಹೈಕೋರ್ಟ್ ಇದನ್ನು ನ್ಯಾಯಾಂಗ ನಿಂದನೆ ಅಂತ ಹಿಡಿದು ವಕೀಲರಿಗೆ ಶಿಕ್ಷೆ ಹಾಕಿತು. ಅವರು ಸುಪ್ರೀಂ ಕೋರ್ಟಿಗೆ ಹೋಗಿ ಬೇಷರತ್ ಕ್ಷಮೆ ಕೇಳಿದರು. ಕ್ಷಮೆ ಸಿಕ್ಕಿತು, ಜೊತೆಗೆ ಕಠಿಣ ಎಚ್ಚರಿಕೆಯೂ. ಆದರೆ ಕೋರ್ಟ್ ಅಂದು ಹಾಕಿದ ಗೆರೆ ಇಂದಿಗೂ ಇದೆ. ಕಕ್ಷಿದಾರ ಹೇಳಿದ್ದಕ್ಕೆ ಬರೆದೆ ಅಂತ ವಕೀಲರು ತಪ್ಪಿಸಿಕೊಳ್ಳುವಂತಿಲ್ಲ. ಆರೋಪಕ್ಕೆ ಮೇಲ್ನೋಟಕ್ಕಾದರೂ ಆಧಾರ ಇದೆಯಾ ಅಂತ ತಾವೇ ನೋಡಿ ಮನದಟ್ಟು ಮಾಡಿಕೊಳ್ಳದೆ ಸಹಿ ಹಾಕಿದರೆ, ನಿಂದನೆ ಅವರದೂ ಆಗುತ್ತದೆ.

ಇದು ಹಳೇ ಕಥೆ ಅನ್ನಬೇಡಿ. 2025ರಲ್ಲಿ ತೆಲಂಗಾಣ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿಯ ಮೇಲೆ ಪಕ್ಷಪಾತದ ಮಾತು ಬರೆದು, ಕೇಸನ್ನು ಬೇರೆ ರಾಜ್ಯಕ್ಕೆ ಹಾಕಿ ಅಂತ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಪಾರ್ಟಿಗೂ ನಿಂದನೆ ನೋಟಿಸು, ಅರ್ಜಿ ಬರೆದ ವಕೀಲರಿಗೂ ನೋಟಿಸು. ಆ ನ್ಯಾಯಮೂರ್ತಿಯ ಹತ್ತಿರವೇ ಹೋಗಿ ಕ್ಷಮೆ ಕೇಳಿ ಅಂದರು. ಅವರು ಕ್ಷಮಿಸಿದ ಮೇಲೆ ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು. ಇಲ್ಲೂ ಮುಂದೆ ಬಂದದ್ದು ಅದೇ 1954ರ ತೀರ್ಪು.

ಒಂದು ಹೋಲಿಕೆ ಕೊಡುತ್ತೇನೆ. ಅಂಚೆಯವರು ಕಾಗದದ ಒಳಗೆ ಏನಿದೆ ಅಂತ ನೋಡದೆ ತಲುಪಿಸುತ್ತಾರೆ. ವಕೀಲರು ಅಂಚೆಯವರಲ್ಲ. ಅವರ ಕೆಲಸ ಚಿನ್ನಕ್ಕೆ ಮುದ್ರೆ ಒತ್ತುವ ಅಕ್ಕಸಾಲಿಗರದ್ದು. ಒರೆಗೆ ಹಚ್ಚದೆ ಮುದ್ರೆ ಒತ್ತಿದರೆ, ತಾಮ್ರ ತಂದವರ ಜೊತೆ ಮುದ್ರೆ ಒತ್ತಿದವರೂ ಸಿಕ್ಕಿಬೀಳುತ್ತಾರೆ.

ನ್ಯಾಯಾಂಗ ನಿಂದನೆ ಎಂಬ ಬೇಲಿ

"ನಿಂದನೆ" ಅಂದಾಗ ಜನ ಬೈಗುಳ ಅಂದುಕೊಳ್ಳುತ್ತಾರೆ. 1971ರ ನ್ಯಾಯಾಂಗ ನಿಂದನೆ ಕಾಯಿದೆಯಲ್ಲಿ ಎರಡು ಬಗೆ ಇವೆ. ಕೋರ್ಟಿನ ಆದೇಶವನ್ನು ಬೇಕೆಂದೇ ಮೀರುವುದು ಸಿವಿಲ್ ನಿಂದನೆ. ಕೋರ್ಟಿಗೆ ಕಳಂಕ ತರುವುದು, ಅದರ ಅಧಿಕಾರ ತಗ್ಗಿಸುವುದು, ವಿಚಾರಣೆಗೆ ಅಡ್ಡಿ ಮಾಡುವುದು ಕ್ರಿಮಿನಲ್ ನಿಂದನೆ. ಪಕ್ಷಪಾತದ ಆರೋಪ ಸಿಕ್ಕಿಹಾಕಿಕೊಳ್ಳುವುದು ಈ ಎರಡನೆಯದರಲ್ಲಿ. ಶಿಕ್ಷೆ ಹೆಚ್ಚೆಂದರೆ ಆರು ತಿಂಗಳ ಸಾದಾ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಮನಸಾರೆ ಕ್ಷಮೆ ಕೇಳಿದರೆ ಬಿಡಬಹುದು ಅಂತಲೂ ಕಾಯಿದೆಯಲ್ಲೇ ಇದೆ.

ಈ ಕಾಯಿದೆಯ ಕೆಳಗೆ ತಾಲ್ಲೂಕು ಕೋರ್ಟಿನ ಜಡ್ಜ್ ತಾವೇ ಶಿಕ್ಷೆ ಕೊಡುವಂತಿಲ್ಲ. ಅವರು ಹೈಕೋರ್ಟಿಗೆ ಬರೆಯಬೇಕು. ಅಲ್ಲಿ ಕಡಿಮೆಯೆಂದರೂ ಇಬ್ಬರು ನ್ಯಾಯಮೂರ್ತಿಗಳು ಕೂತು ಕೇಳಬೇಕು. ಆದರೆ ಕೋರ್ಟ್ ನಡೆಯುತ್ತಿರುವಾಗಲೇ ಯಾರಾದರೂ ಅವಮಾನ ಮಾಡಿದರೆ ವಿಷಯ ಬೇರೆ. ನಾಗರಿಕ ಸುರಕ್ಷಾ ಸಂಹಿತೆಯ 384ನೇ ಸೆಕ್ಷನ್ ಪ್ರಕಾರ ಅಲ್ಲೇ ಕೂರಿಸಿ, ಉತ್ತರ ಕೇಳಿ, ಕೋರ್ಟ್ ಏಳುವ ಮೊದಲೇ ಒಂದು ಸಾವಿರ ರೂಪಾಯಿವರೆಗೆ ದಂಡ ಹಾಕಬಹುದು. ಕಟ್ಟದಿದ್ದರೆ ಒಂದು ತಿಂಗಳವರೆಗೆ ಜೈಲು.

ಈ ಕಾಯಿದೆ ಬೇಕೇ ಬೇಕು. ಸಾಕ್ಷಿಯನ್ನು ಹೆದರಿಸುವವರು, ಕೋರ್ಟ್ ಹಾಲಿನಲ್ಲಿ ಗಲಾಟೆ ಎಬ್ಬಿಸುವವರು ಇರುತ್ತಾರೆ. ತೋಟಕ್ಕೆ ಬೇಲಿ ಬೇಕಲ್ಲ, ಹಾಗೆ. ಬೇಲಿ ಇರುವುದು ಬೆಳೆಯ ಸಲುವಾಗಿ. ಇಲ್ಲಿ ಬೆಳೆ ಅಂದರೆ ನ್ಯಾಯ. ಜಡ್ಜ್ ಒಬ್ಬರ ಮನಸ್ಸಿಗೆ ನೋವಾಯಿತು ಅನ್ನುವುದಕ್ಕೆ ಈ ಬೇಲಿ ಹಾಕಿದ್ದಲ್ಲ ಅಂತ ಸುಪ್ರೀಂ ಕೋರ್ಟೇ ಮತ್ತೆ ಮತ್ತೆ ಹೇಳಿದೆ. ಪ್ರಾಮಾಣಿಕವಾಗಿ ತಕ್ಕಡಿಯ ಬಗ್ಗೆ ಕೇಳಿದವರನ್ನು ಅದೇ ಬೇಲಿ ಚುಚ್ಚಿದಾಗ ಮಾತ್ರ ನಾವು ಇಲ್ಲಿ ಮಾತಾಡುತ್ತಿರುವ ಸೇಡು ಶುರುವಾಗುತ್ತದೆ.

ಸನ್ನದಿನ ಮೇಲೆ ಯಾರ ಕೈ?

ವಕೀಲರಿಗೆ ಜೈಲಿಗಿಂತ ದೊಡ್ಡ ಭಯ ಸನ್ನದು ಹೋಗುವುದು. ಸನ್ನದು ಅಂದರೆ ವಕೀಲಿ ಮಾಡಲು ಸಿಗುವ ಪರವಾನಗಿ. ಅದೇ ಅನ್ನ.

1961ರ ವಕೀಲರ ಕಾಯಿದೆಯ ಪ್ರಕಾರ ದುರ್ನಡತೆಯ ದೂರು ಕೇಳುವುದು ರಾಜ್ಯ ವಕೀಲರ ಪರಿಷತ್ತಿನ ಶಿಸ್ತು ಸಮಿತಿ. ಛೀಮಾರಿ ಹಾಕಬಹುದು, ಕೆಲವು ಕಾಲ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಮೇಲೆ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಅಪೀಲು.

ಹಾಗಾದರೆ ಸಿಟ್ಟು ಬಂದ ಕೋರ್ಟ್ ನೇರವಾಗಿ ಸನ್ನದು ಕಿತ್ತುಕೊಳ್ಳಬಹುದಾ? 1995ರಲ್ಲಿ ಕಿತ್ತುಕೊಂಡಿತ್ತು. ವಿನಯಚಂದ್ರ ಮಿಶ್ರ ಆಗ ಭಾರತೀಯ ವಕೀಲರ ಪರಿಷತ್ತಿನ ಅಧ್ಯಕ್ಷರು. ಅಲಹಾಬಾದ್ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯ ಮೇಲೆ ಕೂಗಾಡಿದರು ಅನ್ನುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮೂರು ವರ್ಷ ಅಮಾನತು ಮಾಡಿತು. 1998ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಒಪ್ಪಲಿಲ್ಲ. ನಿಂದನೆಗೆ ಶಿಕ್ಷೆ ಕೊಡಿ, ಸನ್ನದು ಅಮಾನತು ಮಾಡುವ ಕೆಲಸ ಪರಿಷತ್ತಿನದು ಅಂತು.

ಮುಂದೆ 2016ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ನಿಯಮ ತಂದಿತು. ನ್ಯಾಯಾಧೀಶರನ್ನು ನಿಂದಿಸುವ, ಅವರ ಮೇಲೆ ಆಧಾರವಿಲ್ಲದ ಆರೋಪ ಹಬ್ಬಿಸುವ ವಕೀಲರು ಕೋರ್ಟಿಗೆ ಬರದಂತೆ ತಡೆಯುವ ಅಧಿಕಾರ ಕೋರ್ಟುಗಳಿಗೇ ಬರುತ್ತಿತ್ತು. ಅಲ್ಲಿನ ವಕೀಲರು ಬೀದಿಗಿಳಿದರು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ಹೊಡೆದುಹಾಕಿತು. ಹೆದರಿದ ವಕೀಲರಿಂದ ಜನರಿಗೂ ಉಪಯೋಗವಿಲ್ಲ, ಕೋರ್ಟಿಗೂ ಉಪಯೋಗವಿಲ್ಲ ಅನ್ನುವ ಅರ್ಥ ಅದರಲ್ಲಿದೆ ಅಂತ ನಾನು ಓದಿಕೊಂಡಿದ್ದೇನೆ. ಹಾಗಂತ ಇದು ಪೂರ್ತಿ ಗುರಾಣಿ ಅಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ನಿಂದನೆ ಸಾಬೀತಾದ ಒಬ್ಬ ವಕೀಲರು ಒಂದು ವರ್ಷ ಸುಪ್ರೀಂ ಕೋರ್ಟಿನಲ್ಲಿ ವಾದಿಸಬಾರದು ಅಂತ ಅದೇ ಕೋರ್ಟ್ ಆದೇಶಿಸಿತು.

ಆರ್ಡರ್ ಶೀಟಿನಲ್ಲಿ ಕಾಣದ ಏಟು

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಾಗದದ ಮೇಲೆ ಇರುವುದು. ನೋಟಿಸು ಇರುತ್ತದೆ, ಉತ್ತರ ಕೊಡಬಹುದು, ಅಪೀಲು ಇರುತ್ತದೆ. ನನ್ನ ಅನುಭವದಲ್ಲಿ ವಕೀಲರ ಪೆನ್ನನ್ನು ಜಾಸ್ತಿ ನಿಲ್ಲಿಸುವುದು ಅದಲ್ಲ.

ನಾನು ಜೂನಿಯರ್ ಆಗಿ ಎರಡನೇ ವರ್ಷ. ನಮ್ಮ ಸೀನಿಯರ್ ಒಂದು ಚೆಕ್ ಬೌನ್ಸ್ ಕೇಸಿನಲ್ಲಿ ವರ್ಗಾವಣೆ ಅರ್ಜಿ ಹಾಕಿದರು. ಭಾಷೆ ಮೆತ್ತಗಿತ್ತು, ದಾಖಲೆ ಇತ್ತು. ಅರ್ಜಿ ವಜಾ ಆಯಿತು. ಜನ ಗಮನಿಸದ ವಿಷಯ ಇದು. ಅರ್ಜಿ ಬಿದ್ದುಹೋದರೆ ಕೇಸು ಮತ್ತೆ ಅದೇ ಜಡ್ಜ್ ಮುಂದೆ ಬರುತ್ತದೆ. ಅರ್ಜಿಯಲ್ಲಿ ಏನು ಬರೆದಿತ್ತು ಅನ್ನುವುದು ಅಷ್ಟರಲ್ಲಿ ಅವರಿಗೆ ಗೊತ್ತಿರುತ್ತದೆ. ಸಾಮಾನ್ಯವಾಗಿ ಅವರಿಂದಲೂ ವಿವರಣೆ ಕೇಳಿರುತ್ತಾರೆ.

ಆಮೇಲೆ ದೊಡ್ಡದೇನೂ ಆಗಲಿಲ್ಲ. ಸಣ್ಣ ಸಣ್ಣವು ಆದವು. ಮೊದಲೆಲ್ಲ ಸೀನಿಯರ್ ಪಕ್ಕದ ಹಾಲಿನಲ್ಲಿದ್ದರೆ ನಾನು ನಿಂತು "ಪಾಸ್ ಓವರ್ ಕೊಡಿ, ಸ್ವಲ್ಪ ಹೊತ್ತು ಬಿಟ್ಟು ಕೂಗಿ" ಅಂದರೆ ಕೊಡುತ್ತಿದ್ದರು. ಈಗ ಹತ್ತು ನಿಮಿಷ ತಡವಾದರೆ "ವಕೀಲರು ಗೈರು" ಅಂತ ಬರೆಸಿಬಿಡುತ್ತಿದ್ದರು. ನಮ್ಮ ಸಾಕ್ಷಿ ಬೆಳಗ್ಗಿನಿಂದ ಕೂತಿದ್ದರೂ ಸಂಜೆ ವಾಯಿದೆ. ಎದುರಿನವರಿಗೆ ಒಂದು ತಿಂಗಳು ಸಮಯ, ನಮಗೆ ನಾಳೆಯೇ. ಆ ಒಂದು ಕೇಸಿನಲ್ಲಿ ಮಾತ್ರ ಅಲ್ಲ. ಅದೇ ಕೋರ್ಟಿನಲ್ಲಿ ನಮ್ಮ ಆಫೀಸಿನ ಇನ್ನೂ ಇಪ್ಪತ್ತು ಮೂವತ್ತು ಕೇಸು ಇದ್ದವು. ಆ ಪಾರ್ಟಿಗಳಿಗೂ ವರ್ಗಾವಣೆ ಅರ್ಜಿಗೂ ಏನೂ ಸಂಬಂಧ ಇರಲಿಲ್ಲ. ಒಂದು ದಿನ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರು ಪರಿಹಾರದ ಫೈಲು ವಾಪಸ್ ಕೇಳಲು ಬಂದರು. "ನಿಮ್ಮ ಮೇಲೆ ಸಿಟ್ಟಿಲ್ಲ ಸಾರ್. ನಿಮ್ಮ ಹೆಸರಿದ್ರೆ ಕೇಸು ಮುಂದಕ್ಕೋಗಲ್ಲ ಅಂತವ್ರೆ." ನಮ್ಮ ಸೀನಿಯರ್ ಒಂದು ಮಾತೂ ಆಡದೆ ಫೈಲಿನ ದಾರ ಕಟ್ಟಿ ಕೊಟ್ಟರು. ಅವತ್ತಿನ ಅವರ ಮುಖ ನನಗೆ ಇನ್ನೂ ನೆನಪಿದೆ.

ಇದು ಸೇಡೇ ಅಂತ ನಾನು ಸಾಬೀತು ಮಾಡಲಾರೆ. ಆ ಕೋರ್ಟಿಗೆ ಕೆಲಸದ ಹೊರೆ ಇತ್ತು. ವಾಯಿದೆ ಕೊಡುವುದು, ಬಿಡುವುದು ಜಡ್ಜ್ ವಿವೇಚನೆಗೆ ಬಿಟ್ಟದ್ದು. ಒಂದೊಂದು ಆದೇಶವನ್ನೂ ಬಿಡಿಯಾಗಿ ನೋಡಿದರೆ ಎಲ್ಲವೂ ಸರಿ. ತೊಡಕು ಇರುವುದೇ ಇಲ್ಲಿ. ಪಾರ್ಟಿಗೆ ಪಕ್ಷಪಾತದ ಅಂಜಿಕೆ ಇದ್ದರೆ ಅದನ್ನು ಅಳೆಯಲು 1987ರ ತೀರ್ಪು ಒಂದು ಅಳತೆ ಕೊಟ್ಟಿದೆ. ವಕೀಲರಿಗೆ ಆಮೇಲೆ ಬೀಳುವ ಇಂಥ ಏಟನ್ನು ಅಳೆಯುವ ಅಳತೆ ಯಾವ ಕಾಯಿದೆಯಲ್ಲೂ ಇಲ್ಲ. ಜಿಲ್ಲಾ ಕೇಂದ್ರದಲ್ಲಿ ವಕೀಲಿ ಮಾಡುವವರು ದಿನಾ ಅದೇ ನಾಲ್ಕಾರು ಜಡ್ಜ್‌ಗಳ ಮುಂದೆ ನಿಲ್ಲಬೇಕು. ತಾಲ್ಲೂಕಿನಲ್ಲಿ ಇನ್ನೂ ಕಡಿಮೆ. ಮಾವನಿಗೆ ಇರುವುದು ಒಂದು ಕೇಸು. ಅವರ ವಕೀಲರಿಗೆ ಅದೇ ಕೋರ್ಟಿನಲ್ಲಿ ನೂರು ಮನೆಯವರ ಕೇಸು.

ದೂರು ಜಡ್ಜ್ ಮೇಲೆ, ತೀರ್ಪು ಯಾರದು?

2001ರಲ್ಲಿ ಸೈಪ್ರಸ್ ದೇಶದಲ್ಲಿ ಒಂದು ಕೊಲೆ ಕೇಸಿನ ವಿಚಾರಣೆ. ಕಿಪ್ರಿಯಾನು ಎಂಬ ವಕೀಲರು ಪಾಟಿ ಸವಾಲು ಮಾಡುತ್ತಿದ್ದರು. ಜಡ್ಜ್‌ಗಳು ಅಡ್ಡ ಬಂದರು. ನನ್ನ ಮಾತು ಕೇಳುವ ಬದಲು ನೀವು ಒಬ್ಬರಿಗೊಬ್ಬರು ಚೀಟಿ ಕಳಿಸಿಕೊಳ್ಳುತ್ತಿದ್ದೀರಿ ಅಂತ ವಕೀಲರು ಸಿಟ್ಟಾದರು. ಚೀಟಿಗೆ ಅವರು ಬಳಸಿದ ಗ್ರೀಕ್ ಪದಕ್ಕೆ ಪ್ರೇಮಪತ್ರ ಅನ್ನುವ ಅರ್ಥವೂ ಇತ್ತು. ಅದೇ ಜಡ್ಜ್‌ಗಳು ಅಲ್ಲೇ ಐದು ದಿನ ಜೈಲು ಹಾಕಿದರು. 2005ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಪ್ಪು ಅಂತು. ಅವಮಾನ ಆಯಿತು ಅನ್ನುವವರೂ, ಸಾಕ್ಷಿಯೂ, ತೀರ್ಪು ಕೊಡುವವರೂ ಅವರೇ ಆದರೆ ಅದು ನ್ಯಾಯವಾದ ವಿಚಾರಣೆ ಅಲ್ಲ.

ನಮ್ಮ ಸುಪ್ರೀಂ ಕೋರ್ಟ್ ಇದಕ್ಕೆ ಹತ್ತಿರದ ಮಾತನ್ನು 1950ರ ದಶಕದಲ್ಲೇ ಇನ್ನೊಂದು ಕೇಸಿನಲ್ಲಿ ಹೇಳಿತ್ತು. ಆರೋಪ ಯಾವ ಜಡ್ಜ್ ಮೇಲೆ ಇದೆಯೋ ಅವರು ಸಾಧ್ಯವಾದಷ್ಟೂ ಆ ನಿಂದನೆ ಪ್ರಕರಣ ಕೇಳದೇ ಇರುವುದು ಒಳ್ಳೆಯದು ಅಂತ. 1971ರ ಕಾಯಿದೆಯ 14ನೇ ಸೆಕ್ಷನ್ ಪ್ರಕಾರ, ಹೈಕೋರ್ಟ್ ಹಾಲಿನೊಳಗೇ ನಿಂದನೆ ನಡೆದಿದೆ ಅನ್ನುವಾಗಲೂ "ಬೇರೆ ನ್ಯಾಯಮೂರ್ತಿ ಕೇಳಲಿ" ಅಂತ ವಕೀಲರು ಬೇಡಬಹುದು. ಮುಖ್ಯ ನ್ಯಾಯಮೂರ್ತಿ ತೀರ್ಮಾನಿಸುತ್ತಾರೆ.

ಜಡ್ಜ್‌ಗಳ ಕಡೆಯಿಂದ ನೋಡಿದರೆ

ಸುಳ್ಳು ಆರೋಪ ಕಡಿಮೆ ಏನಿಲ್ಲ. ಒಬ್ಬ ಜಡ್ಜ್ ಕಟ್ಟುನಿಟ್ಟು ಅಂತ ಗೊತ್ತಾದರೆ, ಸಡಿಲ ಜಡ್ಜ್ ಸಿಗುವವರೆಗೆ ಕೇಸು ಎಳೆಯುವವರಿದ್ದಾರೆ. ಇದಕ್ಕೆ ಕೋರ್ಟುಗಳಲ್ಲಿ ಪೀಠ ಬೇಟೆ ಅನ್ನುತ್ತಾರೆ. 2014ರಲ್ಲಿ ಸಹಾರಾ ಕಂಪನಿಯ ಪ್ರಕರಣದಲ್ಲಿ ನೀವು ಹಿಂದೆ ಸರಿಯಿರಿ ಅಂದಾಗ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಸರಿಯಲಿಲ್ಲ. ಇಂಥ ಒತ್ತಡಕ್ಕೆ ಬಗ್ಗಿದರೆ ಪ್ರಮಾಣವಚನಕ್ಕೆ ತಪ್ಪಿದಂತೆ ಅನ್ನುವುದು ಅವರ ನಿಲುವು. ಇನ್ನೊಂದು ಕಷ್ಟ ಇದೆ. ಆರೋಪ ಬಂದರೆ ಜಡ್ಜ್ ಪತ್ರಿಕೆಗೆ ಹೇಳಿಕೆ ಕೊಡುವಂತಿಲ್ಲ, ಟೀ ಅಂಗಡಿಯಲ್ಲಿ ನಿಂತು ಸಮಜಾಯಿಷಿ ಹೇಳುವಂತಿಲ್ಲ. ತಾಲ್ಲೂಕಿನಲ್ಲಿ ಒಬ್ಬರೇ ಇರುವ ಎಳೆಯ ಜಡ್ಜ್‌ಗೆ ಅದು ದೊಡ್ಡ ಹೊರೆ.

2021ರಲ್ಲಿ ಕಲ್ಕತ್ತಾ ಹೈಕೋರ್ಟಿನಲ್ಲಿ ಎರಡೂ ಒಟ್ಟಿಗೆ ಕಂಡವು. ಆಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಮಮತಾ ಬ್ಯಾನರ್ಜಿ ಅವರ ಚುನಾವಣಾ ತಕರಾರಿನಿಂದ ನ್ಯಾಯಮೂರ್ತಿ ಕೌಶಿಕ್ ಚಂದಾ ಹಿಂದೆ ಸರಿದರು. ಜೊತೆಗೆ, ಕೇಳಿದ ರೀತಿ ಸರಿಯಿಲ್ಲ ಅಂತ ಐದು ಲಕ್ಷ ರೂಪಾಯಿ ದಂಡ ಹಾಕಿದರು. ಅಂಥ ಮೊತ್ತ ಮುಖ್ಯಮಂತ್ರಿಗೆ ಒಂದು ಲೆಕ್ಕ, ತೆಂಗಿನ ತೋಟದ ರೈತನಿಗೆ ಇನ್ನೊಂದು ಲೆಕ್ಕ.

ಕಾನೂನೇ ಕೊಟ್ಟಿರುವ ಕೊಡೆ

ಇದನ್ನು ಜನರಿಗೆ ಯಾರೂ ಹೇಳುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ನಿಂದನೆ ಕಾಯಿದೆಯ 6ನೇ ಸೆಕ್ಷನ್ ನೋಡಿ. ಕೆಳಗಿನ ಕೋರ್ಟಿನ ಜಡ್ಜ್ ಬಗ್ಗೆ ಒಳ್ಳೆಯ ಉದ್ದೇಶದಿಂದ ಹೈಕೋರ್ಟಿಗಾಗಲಿ ಇನ್ನೊಂದು ಕೆಳಗಿನ ಕೋರ್ಟಿಗಾಗಲಿ ಹೇಳಿದ ಮಾತು ನಿಂದನೆ ಅಲ್ಲ. ಅಂದರೆ ಮಾವನಂಥವರು ಜಿಲ್ಲಾ ನ್ಯಾಯಾಧೀಶರ ಮುಂದೆ ಹಾಕುವ ಪ್ರಾಮಾಣಿಕ ಅರ್ಜಿಗೆ ರಕ್ಷಣೆ ಇದೆ. ಅದೇ ಮಾತನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಿದರೆ ಈ ರಕ್ಷಣೆ ಇಲ್ಲ. ಹೈಕೋರ್ಟಿನ ನ್ಯಾಯಮೂರ್ತಿಗಳ ಬಗ್ಗೆ ಹೇಳುವಾಗಲೂ ಇಲ್ಲ. ಕೊಡೆ ಇದೆ, ಆದರೆ ಚಿಕ್ಕದು. ಅದರ ಅಡಿಯಲ್ಲೇ ನಿಲ್ಲಬೇಕು.

2006ರಲ್ಲಿ ಕಾಯಿದೆಗೆ ಇನ್ನೊಂದು ತಿದ್ದುಪಡಿ ಬಂತು. ಜನಹಿತಕ್ಕಾಗಿ, ಒಳ್ಳೆಯ ಮನಸ್ಸಿನಿಂದ ಹೇಳಿದ್ದಾದರೆ "ನಾನು ಹೇಳಿದ್ದು ನಿಜ" ಅನ್ನುವುದನ್ನು ಕೋರ್ಟ್ ಸಮರ್ಥನೆಯಾಗಿ ಒಪ್ಪಬಹುದು. ಇನ್ನು ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳು ಒಂದು ಹೆಜ್ಜೆ ಮುಂದೆಯೇ ಹೋಗುತ್ತವೆ. ವಕೀಲರು ಕೋರ್ಟಿಗೆ ಗೌರವ ಕೊಡಬೇಕು, ಆದರೆ ಗುಲಾಮರಂತೆ ಇರಬಾರದು. ಜಡ್ಜ್ ವಿರುದ್ಧ ಗಂಭೀರ ದೂರಿಗೆ ಸರಿಯಾದ ಕಾರಣ ಇದ್ದರೆ, ಅದನ್ನು ತಕ್ಕ ಜಾಗದಲ್ಲಿ ಹೇಳುವುದು ಅವರ ಹಕ್ಕು, ಕರ್ತವ್ಯ ಕೂಡ. ತನಗೆ ಏನು ತೊಂದರೆ ಬಂದರೂ ಕಕ್ಷಿದಾರನ ಹಿತವನ್ನು ನಿರ್ಭಯವಾಗಿ ಕಾಯಬೇಕು ಅಂತಲೂ ಇದೆ.

ವಕೀಲರು ಒಟ್ಟಾಗಿ ಹೇಳಿದರೆ? ಉತ್ತರ ಪ್ರದೇಶದ ಮುಜಫ್ಫರ್‌ನಗರದಲ್ಲಿ 1949ರಲ್ಲಿ ವಕೀಲರ ಸಂಘ ಇಬ್ಬರು ಅಧಿಕಾರಿಗಳ ಕೆಲಸ ಸರಿಯಿಲ್ಲ ಅಂತ ನಿರ್ಣಯ ಮಾಡಿ ಮೇಲಿನವರಿಗೆ ಗುಟ್ಟಾಗಿ ಕಳಿಸಿತು. ಹೈಕೋರ್ಟ್ ನಿಂದನೆ ಅಂತು. 1953ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣ ಮುಂದುವರಿಸಬೇಕಾಗಿರಲಿಲ್ಲ ಅಂತ ವಕೀಲರ ಪರ ನಿಂತಿತು. ಊರಿಗೆಲ್ಲ ಹಂಚದೆ, ತಕ್ಕವರಿಗೆ ಮಾತ್ರ ತಲುಪಿಸಿದ್ದು ಅವರನ್ನು ಕಾಪಾಡಿತು.

ಮಾವನ ಕೈಚೀಲ

ಕಳೆದ ಶನಿವಾರ ಮಾವ ತುಮಕೂರಿಗೇ ಬಂದರು. ಬಟ್ಟೆಯ ಕೈಚೀಲದಲ್ಲಿ ಹನ್ನೊಂದು ವರ್ಷದ ಕಾಗದ. ಜೊತೆಗೆ ಊರಿನ ಯಾರದೋ ಕೈಲಿ ಬರೆಸಿದ್ದ ಮೂರು ಪುಟದ ಅರ್ಜಿ. ಮೊದಲ ಸಾಲೇ "ಸದರಿ ನ್ಯಾಯಾಧೀಶರು ಹಣ ಪಡೆದು" ಅಂತ. ಯಾರು ಕೊಟ್ಟರು, ಎಷ್ಟು, ಯಾವತ್ತು, ಯಾರು ನೋಡಿದರು ಅಂತ ಕೇಳಿದೆ. ಬಸ್ಸಿನಲ್ಲಿ ಯಾರೋ ಅಂದರಂತೆ. ಆ ಸಾಲು ಹೊಡೆದೆ. ಜಾತಿಯ ಸಾಲು ಹೊಡೆದೆ. ಗದರಿದರು ಅನ್ನುವುದನ್ನೂ ಹೊಡೆದೆ. ಮೂರು ಪುಟದಲ್ಲಿ ನಾಲ್ಕು ಸಾಲು ಉಳಿದವು. ಮಾವನ ಮುಖ ಸಣ್ಣದಾಯಿತು.

ಆಮೇಲೆ ಚೀಲದ ತಳದಿಂದ ಒಂದು ಹಳೇ ನಕಲು ಬಂತು. ಇದೇ ತೋಟದ ಬಗ್ಗೆ ಹಿಂದೆ ನಡೆದಿದ್ದ ಒಂದು ತಡೆಯಾಜ್ಞೆ ದಾವೆ. ಎದುರಿನವರ ವಕಾಲತ್ತಿನಲ್ಲಿ ಮೂರು ವಕೀಲರ ಸಹಿ. ಮೂರನೆಯ ಹೆಸರು ಈಗಿನ ಜಡ್ಜ್‌ದು. ಅವರು ಆಗ ಜೂನಿಯರ್.

"ಇದನ್ನ ನಿಮ್ಮ ಲಾಯರಿಗೆ ತೋರಿಸಿದ್ರಾ ಮಾವ?"

"ಇಲ್ಲಮ್ಮ. ದುಡ್ಡಿನ ವಿಷ್ಯ ಎತ್ತಿದ ತಕ್ಷಣ ಅವ್ರು ಎದ್ದೇ ಹೋದ್ರು."

1995ರಲ್ಲಿ ಗುಜರಾತ್ ಹೈಕೋರ್ಟಿನಿಂದ ಬಂದ ಒಂದು ಪ್ರಕರಣದಲ್ಲಿ ಇದೇ ಬಗೆಯ ಪ್ರಶ್ನೆ ಬಂದಿತ್ತು. ಕೇಸು ಕೇಳಿದ ನ್ಯಾಯಮೂರ್ತಿ ಹಿಂದೆ ಒಂದು ಪಾರ್ಟಿಯ ವಕೀಲರಾಗಿದ್ದರು. ಆಕ್ಷೇಪ ಬಂದಾಗ ಅವರು ಹಿಂದೆ ಸರಿಯಬೇಕಿತ್ತು ಅಂತ ಸುಪ್ರೀಂ ಕೋರ್ಟ್ ಹೇಳಿತು. ಮಾವನ ವಕೀಲರಿಗೆ ಅಲ್ಲಿಂದಲೇ ಫೋನ್ ಮಾಡಿ ವಕಾಲತ್ತಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ದೃಢೀಕೃತ ನಕಲು ತೆಗೆಸಿ. ವರ್ಗಾವಣೆ ಆಮೇಲೆ ನೋಡೋಣ, ಮೊದಲು ಅವರ ಮುಂದೆಯೇ ಒಂದು ಮೆಮೊ ಕೊಡೋಣ. ಅವರಿಗೆ ನೆನಪೇ ಇರಲಿಕ್ಕಿಲ್ಲ. ಅದಕ್ಕೆ ನಾನು ಸೈನ್ ಮಾಡ್ತೀನಿ" ಅಂದರು.

ನಕಲಿನ ಅರ್ಜಿ ಕೊಟ್ಟಾಗಿದೆ. ಇನ್ನೂ ಕೈಗೆ ಬಂದಿಲ್ಲ.

ಹೊರಡುವಾಗ ಮಾವ ಕೇಳಿದರು, "ನನ್ನಿಂದ ಆ ಲಾಯರ್ರಿಗೆ ಆಮೇಲೆ ತೊಂದ್ರೆ ಆಗಲ್ವಾ?" ಆಗುವುದಿಲ್ಲ ಅಂತ ನಾನು ಮಾತು ಕೊಡಲಿಲ್ಲ. ಪ್ರತಿ ವಾಯಿದೆಗೂ ನೀವೇ ಬನ್ನಿ, ಎಷ್ಟು ಹೊತ್ತಿಗೆ ಕೂಗಿದರು, ಯಾರು ಇದ್ದರು, ಏನು ಆಯಿತು ಅಂತ ತಾರೀಖು ಹಾಕಿ ಬರೆದಿಡಿ ಅಂದೆ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅವರು ಒಂದು ನೂರು ಪುಟದ ನೋಟ್‌ಬುಕ್ ಕೊಂಡರು.